ನೋಟಿಸ್ ಎಲ್ಲಿ ಅಂತ ಕೇಳಿ

ಪ್ರಶ್ನೆ: ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕೆಲಸಕ್ಕಿದ್ದೆ. ಸಂಬಳಕ್ಕೆಂದು ಕಂಪನಿಯವರೇ ಝೀರೋ ಬ್ಯಾಲೆನ್ಸ್ ಖಾತೆ ಮಾಡಿಸಿಕೊಟ್ಟಿದ್ದರು. ಕೆಲಸ ಬಿಟ್ಟು ಊರಿಗೆ ಬಂದೆ. ಆಧಾರ್ ಅದೇ ಖಾತೆಗೆ ಜೋಡಣೆಯಾಗಿದ್ದರಿಂದ ಗೃಹಲಕ್ಷ್ಮಿ ಹಣ ಅಲ್ಲಿಗೇ ಬೀಳುತ್ತದೆ. ಎರಡು ಕಂತು ಬಂದೇ ಇಲ್ಲ ಅಂದುಕೊಂಡಿದ್ದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದರೆ ಎರಡೂ ಬಂದಿವೆ, ಆದರೆ ಒಂಬತ್ತು ತಿಂಗಳಿನಿಂದ ತಿಂಗಳಿಗೆ 590 ರೂಪಾಯಿ ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ ಅಂತ ಕಟ್ ಆಗಿದೆ. ಉಳಿದಿರುವುದು 10 ರೂಪಾಯಿ. ಮ್ಯಾನೇಜರ್ ಕೇಳಿದರೆ ‘ಸಿಸ್ಟಮ್ಮೇ ಕಟ್ ಮಾಡತೈತ್ರಿ, ನಮ್ ಕೈಯಾಗ ಏನಿಲ್ಲ’ ಅಂದರು. ಇಂಗ್ಲೆಂಡಿನಲ್ಲಿ ಸಣ್ಣ ಮೊತ್ತಕ್ಕೆಂದೇ ಕೋರ್ಟ್ ಇದೆ, ಬ್ಯಾಂಕಿನಿಂದ ಜನ ದುಡ್ಡು ವಾಪಸ್ ತಗೊಂಡಿದ್ದಾರೆ ಅಂತ ತಂಗಿಯ ಮಗ ಹೇಳುತ್ತಾನೆ. ನಮ್ಮಲ್ಲಿ ಅಂಥದ್ದು ಇದೆಯೇ? ವಕೀಲರಿಗೆ ಕೊಡುವಷ್ಟು ಶಕ್ತಿ ನನಗಿಲ್ಲ.
— ಹಾವೇರಿ ಜಿಲ್ಲೆಯ ಓದುಗರು

ಉತ್ತರ: ತಾಯಿ, ನೀವು ಕಳಿಸಿದ ಪಾಸ್‌ಬುಕ್ ಪುಟದ ಫೋಟೋವನ್ನು ಎರಡೆರಡು ಸಲ ನೋಡಿದೆ. 500 ರೂಪಾಯಿ ಚಾರ್ಜು, ಅದರ ಮೇಲೆ ಶೇ 18ರ ಜಿಎಸ್‌ಟಿ 90 ರೂಪಾಯಿ. ಒಂಬತ್ತು ತಿಂಗಳಿಗೆ 5,310. ಬ್ಯಾಂಕಿನ ಲೆಕ್ಕದಲ್ಲಿ ಇದು ಏನೂ ಅಲ್ಲ, ನಿಮ್ಮ ಮನೆಯಲ್ಲಿ ಎರಡು ತಿಂಗಳ ರೇಷನ್ನು. ಈ ಹಣ ಕೇಳಲು ವಕೀಲರು ಬೇಡ, ಕೋರ್ಟ್ ಫೀಸೂ ಬೇಡ. ಆದರೆ ಹೇಗೆ ಕೇಳುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ತಂಗಿಯ ಮಗ ಹೇಳಿದ್ದು ನಿಜ, ಆದರೆ ಅರ್ಧ. ಇಂಗ್ಲೆಂಡಿನಲ್ಲಿ 2006–07ರ ಸುಮಾರಿಗೆ ಸಾವಿರಾರು ಜನ ಓವರ್‌ಡ್ರಾಫ್ಟ್ ಚಾರ್ಜು, ಅಂದರೆ ಖಾತೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹಣ ತೆಗೆದರೆ ಬೀಳುವ ಚಾರ್ಜು, ಅನ್ಯಾಯವೆಂದು ಸ್ಮಾಲ್ ಕ್ಲೇಮ್ಸ್ ಕೋರ್ಟಿಗೆ ಹೋದರು. ಎಷ್ಟೋ ಪ್ರಕರಣಗಳಲ್ಲಿ ವಿಚಾರಣೆಗೆ ಮೊದಲೇ ಬ್ಯಾಂಕುಗಳು ಹಣ ಕೊಟ್ಟು ಮುಗಿಸಿದವು. ಕೊನೆಗೆ 2009ರ ನವೆಂಬರ್ 25ರಂದು ಅಲ್ಲಿನ ಸುಪ್ರೀಂ ಕೋರ್ಟ್, ಆ ಚಾರ್ಜು ಬ್ಯಾಂಕ್ ಸೇವೆಯ ಬೆಲೆಯಲ್ಲೇ ಸೇರಿದ್ದು, ಬೆಲೆ ಹೆಚ್ಚಾಯಿತೆಂದು ಅದರ ನ್ಯಾಯಾನ್ಯಾಯ ತೂಗಲು ಬರುವುದಿಲ್ಲ ಎಂದಿತು. ಸುಮ್ಮನೆ ‘ಚಾರ್ಜು ಜಾಸ್ತಿಯಾಯಿತು’ ಅನ್ನುವ ವಾದಕ್ಕೆ ಅಲ್ಲಿ ಬಾಗಿಲು ಮುಚ್ಚಿತು.

ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಇದೆ. ಮಿನಿಮಮ್ ಬ್ಯಾಲೆನ್ಸ್ ಚಾರ್ಜಿಗೆ ರಿಸರ್ವ್ ಬ್ಯಾಂಕ್ 2014ರ ನವೆಂಬರಿನಲ್ಲಿ ನಿಯಮ ಹಾಕಿತು, 2015ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಬ್ಯಾಲೆನ್ಸ್ ಕಡಿಮೆಯಾದರೆ ಬ್ಯಾಂಕು ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತುಂಬಲು ಒಂದು ತಿಂಗಳಾದರೂ ಕೊಡಬೇಕು, ಆಮೇಲಷ್ಟೇ ಚಾರ್ಜು. ಎಷ್ಟು ಕಡಿಮೆಯಿದೆಯೋ ಅದಕ್ಕೆ ತಕ್ಕಂತೆ ಚಾರ್ಜು ಇರಬೇಕು. ಈ ಚಾರ್ಜು ಒಂದರಿಂದಲೇ ಉಳಿತಾಯ ಖಾತೆ ಮೈನಸ್‌ಗೆ ಹೋಗಕೂಡದು.

ಈಗ ಪಾಸ್‌ಬುಕ್ ತೆಗೆಯಿರಿ. ಮೊದಲ ಸಲ ಕಟ್ ಆಗುವಾಗ 1,320 ಇತ್ತು. ಅದು 730 ಆಯಿತು, 140 ಆಯಿತು. ಮೂರನೇ ಸಲ ಮೈನಸ್ 450. ಆಮೇಲೆ ಗೃಹಲಕ್ಷ್ಮಿಯ 2,000 ಬಂದ ಕೂಡಲೇ ಆ 450 ಅದರಲ್ಲೇ ಮುಳುಗಿತು. ಆರನೇ ಸಲ ಮತ್ತೆ ಮೈನಸ್ 220, ಅದನ್ನು ಎರಡನೇ ಕಂತು ನುಂಗಿತು. ಆ ಎರಡು ಮೈನಸ್ ಗುರುತಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ. ಅಲ್ಲಿ ಬ್ಯಾಂಕಿಗೆ ಹೇಳಲು ಏನೂ ಇಲ್ಲ, ನಿಯಮ ಮುರಿದದ್ದು ಅವರದೇ ಪ್ರಿಂಟರಿನಲ್ಲಿ ಅಚ್ಚಾಗಿದೆ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಊರಿಗೆ ಬಂದ ಮೇಲೆ ಮೊಬೈಲ್ ನಂಬರ್ ಬದಲಿಸಿದ್ದೀರಿ, ಬ್ಯಾಂಕಿಗೆ ತಿಳಿಸಿಲ್ಲ ಎಂದು ಬರೆದಿದ್ದೀರಿ. ‘ಹಳೇ ನಂಬರಿಗೆ ಎಸ್‌ಎಂಎಸ್ ಕಳಿಸಿದ್ದೇವೆ’ ಅಂತ ಅವರು ಅನ್ನಬಹುದು. ಅನ್ನಲಿ. ಯಾವ ತಾರೀಕಿನಂದು, ಏನೆಂದು, ಒಂದು ತಿಂಗಳ ಗಡುವು ಅದರಲ್ಲಿತ್ತೇ ಎಂದು ಕೇಳಿ. ಝೀರೋ ಬ್ಯಾಲೆನ್ಸ್ ಎಂದು ತೆರೆದ ಖಾತೆಗೆ 5,000 ಇಡಬೇಕೆಂದು ಯಾವತ್ತು ತಿಳಿಸಿದಿರಿ ಎಂದೂ ಕೇಳಿ. 140 ಇದ್ದಾಗಲೂ 500, 1,780 ಇದ್ದಾಗಲೂ 500 ಹಾಕಿದ್ದಾರಲ್ಲ, ಅದಕ್ಕೆ ಅವರ ಸ್ಲ್ಯಾಬ್ ಪಟ್ಟಿ, ಅಂದರೆ ಎಷ್ಟು ಕಡಿಮೆಯಾದರೆ ಎಷ್ಟು ಚಾರ್ಜು ಅನ್ನುವ ಪಟ್ಟಿ, ತೋರಿಸಲಿ.

ಇದನ್ನೆಲ್ಲ ಬಾಯಲ್ಲಿ ಕೇಳಬೇಡಿ. ಬ್ಯಾಂಕ್ ಕೌಂಟರಿನ ಒಳಬದಿಯಲ್ಲಿ ಮೂವತ್ತು ವರ್ಷ ಕೂತವನು ನಾನು. ಬಾಯಿಮಾತಿನ ತಕರಾರು ಆ ಸಂಜೆಗೇ ಮರೆತುಹೋಗುತ್ತದೆ, ಇನ್‌ವರ್ಡ್ ನಂಬರ್ ಬಿದ್ದ ಕಾಗದಕ್ಕೆ ಯಾರಾದರೊಬ್ಬರು ಉತ್ತರ ಬರೆಯಲೇಬೇಕು. ಒಂದು ಬಿಳಿ ಹಾಳೆಯಲ್ಲಿ ಇಷ್ಟು ಬರೆದರೆ ಸಾಕು: ‘ನನ್ನ ಉಳಿತಾಯ ಖಾತೆಯಿಂದ ಒಂಬತ್ತು ಸಲ ಒಟ್ಟು 5,310 ರೂಪಾಯಿ ಕಡಿತ ಮಾಡಿದ್ದೀರಿ. ಇದಕ್ಕೆ ಮೊದಲು ಕೊಟ್ಟ ನೋಟಿಸಿನ ಪ್ರತಿ ಮತ್ತು ಚಾರ್ಜಿನ ಸ್ಲ್ಯಾಬ್ ಪಟ್ಟಿ ಕೊಡಿ. ಇಂಥ ಎರಡು ತಾರೀಕುಗಳಲ್ಲಿ ಖಾತೆ ಮೈನಸ್ ಆಗಿದೆ, ಇದು ರಿಸರ್ವ್ ಬ್ಯಾಂಕ್ ನಿಯಮಕ್ಕೆ ವಿರುದ್ಧ. ಜಿಎಸ್‌ಟಿ ಸಹಿತ ಪೂರ್ತಿ ಹಣ ಖಾತೆಗೆ ಜಮಾ ಮಾಡಿ.’ ಜೊತೆಗೆ ಪಾಸ್‌ಬುಕ್ ಪುಟಗಳ ಜೆರಾಕ್ಸ್ ಇಡಿ. ಇನ್ನೊಂದು ಪ್ರತಿಯ ಮೇಲೆ ತಾರೀಕಿನ ಸಮೇತ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕಲ್ಲ ಅಂದರೆ ಜಗಳ ಬೇಡ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಜೋಪಾನವಾಗಿಡಿ.

ಆ ದಿನದಿಂದ 30 ದಿನ ಎಣಿಸಿ. ಉತ್ತರ ಬರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ, ಅಂದರೆ ಓಂಬುಡ್ಸ್‌ಮನ್‌ಗೆ, ದೂರು ಕೊಡಿ. ಇದಕ್ಕೆ ಪೈಸೆ ಖರ್ಚಿಲ್ಲ. ದೂರನ್ನು ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲಿನಲ್ಲಿ, ಅಂದರೆ ದೂರು ಕೊಡುವ ವೆಬ್‌ಸೈಟಿನಲ್ಲಿ, ಹಾಕಬಹುದು. ಅಂಚೆಯಲ್ಲಿ ಕಳಿಸಬೇಕೆಂದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಗೆ ಹೋಗಬೇಕು. ಹೇಗೆ ತುಂಬಬೇಕು ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ. ನಿಮ್ಮಂಥ ಪ್ರಕರಣ ಸಾಮಾನ್ಯವಾಗಿ ಇಲ್ಲಿಂದ ಮುಂದೆ ಹೋಗಬೇಕಾಗುವುದಿಲ್ಲ ಎಂದು ನನ್ನ ಅನಿಸಿಕೆ. ಲೋಕಪಾಲರ ಕಡೆಯಿಂದ ಕಾಗದ ಬಂದಾಗ ಬ್ರಾಂಚಿನ ‘ಸಿಸ್ಟಮ್’ ತಾನಾಗಿ ದಾರಿಗೆ ಬರುವುದನ್ನು ನಾನೇ ನೋಡಿದ್ದೇನೆ.

ಅಲ್ಲೂ ಆಗಲಿಲ್ಲವೆಂದರೆ ನೀವು ಕೇಳಿದ ಸಣ್ಣ ಮೊತ್ತದ ಕೋರ್ಟಿನ ಮಾತು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಅಂತ ಒಂದಿದೆ, ಹೆಸರು ಕೇಳಿ ಅಲ್ಲಿಗೆ ಹೋಗಬೇಡಿ. ಅಲ್ಲಿ ಹೆಚ್ಚಾಗಿ ನಡೆಯುವುದು ಮೋಟಾರು ಅಪಘಾತದ ಪರಿಹಾರ ಪ್ರಕರಣಗಳು. ನಿಮ್ಮದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಖಾತೆ ಬೆಂಗಳೂರಿನ ಬ್ರಾಂಚಿನದಾದರೂ ಹಾವೇರಿಯಲ್ಲೇ ಸಾಕು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವಿಲ್ಲ. ನೀವೇ ನಿಂತು ಹೇಳಬಹುದು. ದೂರಿನ ಜೊತೆ ಒಂದು ಅಫಿಡವಿಟ್ ಮತ್ತು ನಿಮ್ಮ ಪತ್ರವ್ಯವಹಾರದ ಪ್ರತಿಗಳಿರಬೇಕು. ಎರಡು ವರ್ಷದೊಳಗೆ ದೂರು ಹಾಕಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಒಂದೇ ವಿಷಯಕ್ಕೆ ಎರಡೂ ಕಡೆ ಏಕಕಾಲಕ್ಕೆ ಹೋಗಲೂಬಾರದು, ಆಯೋಗದಲ್ಲಿ ಪ್ರಕರಣ ಇದ್ದರೆ ಲೋಕಪಾಲರು ಮುಟ್ಟುವುದಿಲ್ಲ. ಹಣದ ಜೊತೆಗೆ ಓಡಾಟದ ಖರ್ಚು, ಮಾನಸಿಕ ಕಿರುಕುಳಕ್ಕೆ ಪರಿಹಾರ ಕೇಳಬಹುದು. ಐದು ಸಾವಿರಕ್ಕೆ ಐದು ಲಕ್ಷ ಕೇಳಬೇಡಿ, ದೂರಿನ ತೂಕ ಹೋಗುತ್ತದೆ.

ಇಷ್ಟರ ನಡುವೆ ಮುಂದಿನ ಕಂತು ಮತ್ತೆ ಅದೇ ಬಾವಿಗೆ ಬೀಳದಿರಲಿ. ನಿಮ್ಮೂರಿನ ಹತ್ತಿರದ ಬ್ಯಾಂಕಿನಲ್ಲಿ ಮೂಲ ಉಳಿತಾಯ ಖಾತೆ ಕೇಳಿ, ಜನಧನ್ ಖಾತೆಯೂ ಅದೇ ಬಗೆಯದು. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಹಂಗಿಲ್ಲ. ಆಧಾರ್ ಜೋಡಣೆಯನ್ನು ಅಲ್ಲಿಗೆ ಬದಲಾಯಿಸಿದರೆ ಗೃಹಲಕ್ಷ್ಮಿ ಹಣವೂ ಅಲ್ಲಿಗೆ ಬರುತ್ತದೆ. ಹಳೇ ಖಾತೆಯನ್ನು ಸಿಟ್ಟಿನಲ್ಲಿ ಈಗಲೇ ಮುಚ್ಚಿಸಬೇಡಿ, ಪೂರ್ತಿ ಸ್ಟೇಟ್‌ಮೆಂಟ್ ಕೈಗೆ ಬಂದು ಹಣ ಜಮಾ ಆಗುವವರೆಗೆ ಅದು ನಿಮ್ಮ ಸಾಕ್ಷಿ.

ಪ್ರಶ್ನೆ: ಪ್ರತಿ ಮೇ ತಿಂಗಳ ಕೊನೆಗೆ ನನ್ನ ಖಾತೆಯಿಂದ 436 ರೂಪಾಯಿ ಕಟ್ ಆಗುತ್ತಿದೆ. ಇನ್ಶೂರೆನ್ಸ್ ಅನ್ನುತ್ತಾರೆ. ನಾನು ಯಾವುದಕ್ಕೂ ಸಹಿ ಮಾಡಿದ ನೆನಪಿಲ್ಲ. ವಾಪಸ್ ಪಡೆಯಬಹುದೇ?
— ಶಿವಮೊಗ್ಗದ ಓದುಗರು

ಉತ್ತರ: ಇದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತು. ಖಾತೆದಾರರ ಒಪ್ಪಿಗೆ ಇಲ್ಲದೆ ಬ್ಯಾಂಕು ಇದನ್ನು ಕಡಿಯುವಂತಿಲ್ಲ. ‘ನಾನು ಕೊಟ್ಟ ಒಪ್ಪಿಗೆಯ ಪ್ರತಿ ಕೊಡಿ’ ಎಂದು ಒಂದು ಸಾಲು ಬರೆದು ಕೊಡಿ. ಒಪ್ಪಿಗೆ ಮೊಬೈಲ್ ಬ್ಯಾಂಕಿಂಗಿನಲ್ಲೋ ಎಸ್‌ಎಂಎಸ್‌ನಲ್ಲೋ ಕೊಟ್ಟಿರುವ ಸಾಧ್ಯತೆಯೂ ಇದೆ, ಅದರ ದಾಖಲೆ ಕೇಳಿ. ತೋರಿಸಲು ಆಗದಿದ್ದರೆ ವಾಪಸ್ ಕೇಳುವ ಹಕ್ಕು ನಿಮ್ಮದು, ದಾರಿ ಮೇಲೆ ಹೇಳಿದ್ದೇ.

ಆದರೆ ನಿಲ್ಲಿಸಿ ಎಂದು ಬರೆಯುವ ಮೊದಲು ಮನೆಯಲ್ಲಿ ಒಮ್ಮೆ ಕೂತು ಮಾತಾಡಿ. ವರ್ಷಕ್ಕೆ 436 ರೂಪಾಯಿಗೆ, ಯಾವ ಕಾರಣದಿಂದ ಸಾವು ಬಂದರೂ ನಾಮಿನಿಗೆ ಎರಡು ಲಕ್ಷ ಸಿಗುವ ವಿಮೆ ಇದು. ಬೇರೆ ವಿಮೆ ಇಲ್ಲದ ಮನೆಗೆ ದೊಡ್ಡ ಆಸರೆ. ಮುಂದುವರಿಸುವುದಾದರೆ ನಾಮಿನಿ ಹೆಸರು ಸರಿಯಾಗಿದೆಯೇ ನೋಡಿ, ಈ ಖಾತೆಯಲ್ಲಿ ವಿಮೆ ಇದೆ ಎಂದು ಹೆಂಡತಿಗೋ ಮಕ್ಕಳಿಗೋ ಹೇಳಿಡಿ. ಹೀಗೆ ಕಟ್ ಆದ ಹಣದ ವಿಮೆ ಇರುವುದೇ ಗೊತ್ತಿಲ್ಲದೆ ಕ್ಲೇಮ್ ಮಾಡದೆ ಬಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ.