ಐದು ಸೆಂಟಿನ ಬಾಗಿಲು ಯಾರಿಗೆ ತೆರೆದಿತ್ತು?

ನ್ಯೂಯಾರ್ಕಿನ ಕಡಲ ತೀರದ ಮೋಜಿನ ತಾಣ ಕೋನಿ ಐಲ್ಯಾಂಡ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಪುಟ್ಟ ಟಿಪ್ಪಣಿ ಓದಿ ಕುಂದಾಪುರದ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. “ಕಡಲ ತೀರದಲ್ಲಿ ಗಾಳಿ, ಮರಳು, ನೀರು ಎಲ್ಲ ಪುಕ್ಕಟೆ. ಅಲ್ಲಿ ಟಿಕೆಟ್ ಕೊಟ್ಟು ಆಡುವ ಆಟ ಹೇಗೆ ಬಂತು? ಅದು ಎಲ್ಲರಿಗೂ ಸೇರಿದ ಜಾಗ ಅಂತ ಬರೆದಿದ್ದೀರಿ. ನಿಜವಾಗಿ ಎಲ್ಲರನ್ನೂ ಒಳಗೆ ಬಿಡುತ್ತಿದ್ದರಾ?”

ಎರಡನೇ ಪ್ರಶ್ನೆ ಓದಿ ಆ ಟಿಪ್ಪಣಿಯನ್ನು ಮತ್ತೆ ತೆಗೆದು ನೋಡಿದೆ. ನಿಮ್ಮ ಅನುಮಾನ ಸರಿಯಾಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕತೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ವೈಟ್ ದ್ವೀಪದ ರೈಡ್ ಎಂಬ ಊರಿನಲ್ಲಿ ಇಳಿತದ ಹೊತ್ತಿಗೆ ಸಮುದ್ರ ಬಹಳ ದೂರ ಹಿಂದೆ ಸರಿಯುತ್ತಿತ್ತು. ದೋಣಿ ಇಳಿದವರು ಕೆಸರು ಮರಳಿನಲ್ಲಿ ಕಾಲೆಳೆದುಕೊಂಡು ದಡ ಸೇರಬೇಕಿತ್ತು. 1814ರಲ್ಲಿ ಅಲ್ಲಿ ನೀರಿನೊಳಕ್ಕೆ ಚಾಚಿದ ಉದ್ದನೆಯ ಮರದ ಕಟ್ಟೆ ಬಂತು. ಅದೇ ಪಿಯರ್. ಕಟ್ಟಿದ್ದು ದೋಣಿ ಹತ್ತಲು, ಇಳಿಯಲು. ಆದರೆ ಕಾಲು ನೆನೆಯದೆ ಅಲೆಗಳ ಮೇಲೆ ನಡೆಯುವುದೇ ಒಂದು ಖುಷಿ ಅಂತ ಜನಕ್ಕೆ ಗೊತ್ತಾಗಿಹೋಯಿತು. ಸುಮ್ನೆ ಅಡ್ಡಾಡಲು ಬರುವವರೂ ಸುಂಕ ಕೊಟ್ಟರು. ಮುಂದೆ ಕಬ್ಬಿಣದ ಪಿಯರ್‌ಗಳು ಬಂದವು, ಅವುಗಳ ಮೇಲೆ ಬ್ಯಾಂಡು, ನಾಟಕ, ತಿಂಡಿ ಅಂಗಡಿ ಬಂದವು. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1898ರಲ್ಲಿ ಸ್ಟೀಲ್ ಪಿಯರ್ ತೆರೆಯಿತು. ಎತ್ತರದ ಅಟ್ಟದಿಂದ ಕುದುರೆಗಳನ್ನು ನೀರಿಗೆ ಹಾರಿಸುವ ಆಟ ಮುಂದೆ ಅಲ್ಲಿ ಹೆಸರುವಾಸಿಯಾಯಿತು. ಅದರ ಫೋಟೋ ನೋಡಿದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೋನಿ ಐಲ್ಯಾಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಏರಿಳಿತದ ಹಳಿಯ ಬಂಡಿ ಓಡಿಸಿದರು. ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು, ಬಂಡಿಯಲ್ಲಿ ಕೂತು ಜಾರಬೇಕು. ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ನಮ್ಮ ಸೈಕಲ್ಲೇ ಅದಕ್ಕಿಂತ ಜೋರು. ಆದರೂ 5 ಸೆಂಟ್ ಕೊಟ್ಟು ಹತ್ತಲು ಜನ ಸಾಲುಗಟ್ಟಿ ನಿಂತರು. ಆಗ ಆಟಗಳು ಅಲ್ಲೊಂದು ಇಲ್ಲೊಂದು ಚೆಲ್ಲಿಕೊಂಡಿದ್ದವು. 1895ರಲ್ಲಿ ಈಜುಗಾರ ಪಾಲ್ ಬಾಯ್ಟನ್ ತಮ್ಮ ಆಟಗಳನ್ನೆಲ್ಲ ಒಂದೆಡೆ ಸೇರಿಸಿ ಸುತ್ತ ಬೇಲಿ ಹಾಕಿ, ಒಂದು ಗೇಟು ಇಟ್ಟು, ಗೇಟಿನಲ್ಲೇ ದುಡ್ಡು ತೆಗೆದುಕೊಂಡರು. ಸೀ ಲಯನ್ ಪಾರ್ಕ್ ಅದರ ಹೆಸರು. ನನ್ನ ಮಟ್ಟಿಗೆ ಈ ಇತಿಹಾಸದ ದೊಡ್ಡ ತಿರುವು ಆ ಬೇಲಿ. ಗೇಟು ಬಂದ ಮೇಲೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎನ್ನುವ ಅಧಿಕಾರವೂ ಬಂತು.

ಅದೇ ಜಾಗದಲ್ಲಿ 1903ರಲ್ಲಿ ಲೂನಾ ಪಾರ್ಕ್ ಎದ್ದಿತು. ಎರಡೂವರೆ ಲಕ್ಷ ವಿದ್ಯುತ್ ದೀಪ! ಮನೆಯಲ್ಲಿ ಚಿಮಣಿ ದೀಪ ಹಚ್ಚುತ್ತಿದ್ದ ಕಾರ್ಮಿಕ ಕುಟುಂಬಕ್ಕೆ ಆ ರಾತ್ರಿ ಹೇಗೆ ಕಂಡಿರಬೇಕು, ಯೋಚಿಸಿ. ಮರುವರ್ಷ ಡ್ರೀಮ್‌ಲ್ಯಾಂಡ್ ಎಂಬ ಇನ್ನೊಂದು ಪಾರ್ಕ್ ಬಂತು. 1920ರಲ್ಲಿ ಸಬ್‌ವೇ ರೈಲು ತೀರ ಮುಟ್ಟಿತು, ಅದಕ್ಕೂ 5 ಸೆಂಟೇ. ಈ ಅಗ್ಗದ ಟಿಕೆಟ್ಟೇ ಬಡವರನ್ನು ಕಡಲಿಗೆ ತಂದಿತು. ನಮ್ಮ ಟಿಪ್ಪಣಿ ಇಷ್ಟನ್ನು ನೋಡಿ ‘ಎಲ್ಲರಿಗೂ’ ಅಂದುಬಿಟ್ಟಿತು.

ಆ ಕಾಲದಲ್ಲಿ ಜಾತ್ರೆ, ಪಾರ್ಕುಗಳಲ್ಲಿ ಒಂದು ಆಟವಿತ್ತು. ಪರದೆಯ ತೂತಿನಿಂದ ಕಪ್ಪು ಮನುಷ್ಯನೊಬ್ಬ ತಲೆ ಹೊರಗಿಟ್ಟು ನಿಲ್ಲುತ್ತಿದ್ದ. ಕಾಸು ಕೊಟ್ಟವರು ಅವನ ತಲೆಗೆ ಚೆಂಡು ಎಸೆಯುತ್ತಿದ್ದರು. ಅಮೆರಿಕದ ಎಷ್ಟೋ ಪಾರ್ಕುಗಳ ಗೇಟಿನಲ್ಲಿ ಕಪ್ಪು ಜನರ ದುಡ್ಡಿಗೆ ಬೆಲೆಯೇ ಇರಲಿಲ್ಲ. ಟಿಕೆಟ್ ಕೊಳ್ಳಲು ಕಾಸಿದ್ದರೂ ಒಳಗೆ ಬಿಡುತ್ತಿರಲಿಲ್ಲ.

ಇದರ ನಡುವೆ ಒಂದು ಬೇರೆ ಬಾಗಿಲೂ ಇತ್ತು. ಮಾರ್ಟಿನ್ ಕೂನಿ ಎಂಬುವರು 1903ರಿಂದ 1943ರವರೆಗೆ ಕೋನಿ ಐಲ್ಯಾಂಡಿನಲ್ಲಿ ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಬಿಸಿ ಪೆಟ್ಟಿಗೆಗಳಲ್ಲಿಟ್ಟು ಸಾಕಿದರು. ಹೆಚ್ಚಿನ ಆಸ್ಪತ್ರೆಗಳಲ್ಲಿ ಆಗ ಅಂಥ ವ್ಯವಸ್ಥೆಯೇ ಇರಲಿಲ್ಲ. ತಂದೆತಾಯಿಯಿಂದ ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ನೋಡಲು ಬಂದವರ ಟಿಕೆಟ್ ಹಣದಲ್ಲೇ ದಾದಿಯರ ಸಂಬಳ, ಹಾಲು ಎಲ್ಲ ನಡೆಯಿತು. ಬಣ್ಣ, ಅಂತಸ್ತು ನೋಡದೆ ಮಕ್ಕಳನ್ನು ಸೇರಿಸಿಕೊಂಡರು. ಅವರು ವೈದ್ಯ ಪದವಿ ಪಡೆದಿದ್ದಕ್ಕೆ ದಾಖಲೆ ಸಿಕ್ಕಿಲ್ಲ, ಶಿಶುಗಳನ್ನು ಪ್ರದರ್ಶನಕ್ಕಿಟ್ಟದ್ದು ಸರಿಯೇ ಅಂತ ಆಗಲೂ ಜನ ಕೇಳಿದ್ದರು. ಆದರೆ ಬದುಕಿ ಬೆಳೆದವರು ಸಾವಿರಾರು ಮಂದಿ. ನಾನು ಕೂನಿಯವರ ಪರ. 1911ರ ಮೇ 27ರ ಬೆಳಗಿನ ಜಾವ ಡ್ರೀಮ್‌ಲ್ಯಾಂಡಿನಲ್ಲಿ ದೀಪ ಆರಿ, ಕತ್ತಲಲ್ಲಿ ಕಾಯಿಸಿದ ಡಾಂಬರು ಚೆಲ್ಲಿ ಬೆಂಕಿ ಹತ್ತಿತು. ಮರ, ಪ್ಲಾಸ್ಟರಿನ ಕಟ್ಟಡಗಳು ಕೆಲವೇ ಗಂಟೆಯಲ್ಲಿ ಬೂದಿಯಾದವು. ಡ್ರೀಮ್‌ಲ್ಯಾಂಡನ್ನು ಮತ್ತೆ ಕಟ್ಟಲೇ ಇಲ್ಲ. ಅಲ್ಲಿದ್ದ ಕೂನಿಯವರ ಶಿಶುಗಳೆಲ್ಲ ಬದುಕಿದವು.

ಇನ್ನು ಗೇಟಿನ ಮಾತು. ಅಮೆರಿಕದ ಬಾಲ್ಟಿಮೋರ್ ನಗರದ ಅಂಚಿನ ಗ್ವಿನ್ ಓಕ್ ಪಾರ್ಕಿನಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ವರ್ಷಗಟ್ಟಲೆ ಪ್ರತಿಭಟನೆ ನಡೆಯಿತು. 1963ರ ಜುಲೈನಲ್ಲಿ ಪಾದ್ರಿಗಳೂ ಸೇರಿ ನೂರಾರು ಜನ ಬಂಧನಕ್ಕೊಳಗಾದರು. ಕೊನೆಗೆ ಆಗಸ್ಟ್ 28ರಂದು ಗೇಟು ತೆರೆಯಿತು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ‘ನನಗೊಂದು ಕನಸಿದೆ’ ಭಾಷಣ ಮಾಡಿದ್ದೂ ಅದೇ ದಿನ.

‘ಎಲ್ಲರಿಗೂ ಸೇರಿದ ಜಾಗ’ ಎಂಬ ನಮ್ಮ ಸಾಲನ್ನು ದಯವಿಟ್ಟು ಹೊಡೆದುಹಾಕಿ ಓದಿಕೊಳ್ಳಿ. ಅದರ ಜಾಗದಲ್ಲಿ ಇದನ್ನು ಬರೆದುಕೊಳ್ಳಿ: ಆ ದಿನ ಗ್ವಿನ್ ಓಕ್‌ನ ತಿರುಗುವ ಮರಗುದುರೆಯ ಮೇಲೆ, ಇನ್ನೂ ವರ್ಷ ತುಂಬದ ಒಂದು ಕಪ್ಪು ಹೆಣ್ಣುಮಗು ಕೂತಿತ್ತು. ಅಪ್ಪ ಪಕ್ಕದಲ್ಲಿ ನಿಂತು ಹಿಡಿದುಕೊಂಡಿದ್ದರು. ಆ ಕುದುರೆಗಳನ್ನು 1981ರಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಎಂಬ ದೊಡ್ಡ ಬಯಲಿಗೆ ತಂದರು. ಅವುಗಳಲ್ಲಿ ಒಂದರ ಮೇಲೆ ಆ ಮಗುವಿನ ಹೆಸರಿದೆ.