ಲೈಕ್ ಬರುತ್ತವೆ, ಜನ ಬರಲ್ಲ: ಗ್ರಂಥಾಲಯದವರ ಮೂರು ಪ್ರಶ್ನೆಗಳು

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರದ ಮೇಲ್ವಿಚಾರಕಿ. ಗ್ರಂಥಾಲಯಕ್ಕೆ ಫೇಸ್‌ಬುಕ್ ಪೇಜ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಗ್ರೂಪ್ ಮೂರೂ ಮಾಡಿದ್ದೇನೆ. ಜಯಂತಿ, ಕಾರ್ಯಕ್ರಮಗಳ ಫೋಟೊ ತಪ್ಪದೇ ಹಾಕುತ್ತೇನೆ. ಲೈಕ್ ಬರುತ್ತವೆ, ಹೊಸ ಓದುಗರು ಬರುತ್ತಿಲ್ಲ. ಗ್ರೂಪ್ ತುಂಬಾ ಗುಡ್ ಮಾರ್ನಿಂಗ್ ಚಿತ್ರಗಳೇ. ಏನು ಮಾಡಲಿ?

ಉತ್ತರ: ಮೊದಲು ಮೂರರಲ್ಲಿ ಎರಡನ್ನು ಬದಿಗಿಡಿ. ಬಾಗಿಲು ತೆಗೆಯುವುದು, ಪೇಪರ್ ಜೋಡಿಸುವುದು, ರಿಜಿಸ್ಟರ್ ಬರೆಯುವುದು, ಮಕ್ಕಳನ್ನು ಸಂಭಾಳಿಸುವುದು ಎಲ್ಲ ನೀವೊಬ್ಬರೇ. ಅದರ ಮೇಲೆ ಮೂರು ಕಡೆ ಪೋಸ್ಟ್ ಹಾಕುವುದು ಆಗದ ಮಾತು. ಹಳ್ಳಿಗೆ ವಾಟ್ಸ್‌ಆ್ಯಪ್ ಒಂದೇ ಸಾಕು.

ಫೋಟೊಗಳ ವಿಷಯ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಹಾರ ಹಾಕುವ ಫೋಟೊಗೆ ಲೈಕ್ ಒತ್ತುವವರು ಅದರಲ್ಲಿ ನಿಂತವರು, ಇಲ್ಲವೇ ಅವರ ಬೀಗರು. ಮೇಲಿನವರಿಗೆ ವರದಿ ಕಳಿಸಲು ಆ ಫೋಟೊ ಬೇಕು, ಒಪ್ಪಿದೆ. ಅದನ್ನು ವರದಿಗೆ ಮಾತ್ರ ಇಟ್ಟುಕೊಳ್ಳಿ. ಊರಿನವರಿಗೆ ಅದರಿಂದ ಸಿಗುವುದೇನೂ ಇಲ್ಲ ಅಲ್ವಾ?

ಒಂದು ವಾರ ಹೀಗೆ ಮಾಡಿ. ಜನ ನಿಮ್ಮ ಹತ್ತಿರ ಏನೇನು ಕೇಳುತ್ತಾರೆ ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಯಾವ ಪುಸ್ತಕ ಇದೆ? ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರಕ್ಕೆ ಏನೇನು ಕಾಗದ ಬೇಕು? ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡ್ತಾರೆ? ಮಗಳಿಗೆ ಓದಿ ಹೇಳಲು ಕಥೆ ಪುಸ್ತಕ ಇದೆಯಾ? ನಿಮ್ಮ ಪೋಸ್ಟ್‌ಗಳು ಈ ಪಟ್ಟಿಯಿಂದಲೇ ಹುಟ್ಟಬೇಕು. 'ಪ್ರಮಾಣಪತ್ರಕ್ಕೆ ಬೇಕಾದ ಕಾಗದಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೇನೆ, ಸಂಜೆ ಆರರೊಳಗೆ ಬನ್ನಿ' ಎಂಬ ಎರಡು ಸಾಲು ಹತ್ತು ಜಯಂತಿ ಫೋಟೊಗಿಂತ ಜಾಸ್ತಿ ಜನರನ್ನು ಕರೆತರುತ್ತದೆ.

ಪುಸ್ತಕಗಳಿಗೂ ಇದೇ ದಾರಿ. ಕಪಾಟಿನ ಒಂದೇ ಸಾಲಿನ ಫೋಟೊ ತೆಗೆಯಿರಿ. ಪುಸ್ತಕಗಳ ಬೆನ್ನಿನ ಮೇಲಿನ ಹೆಸರು ಓದುವಷ್ಟು ಹತ್ತಿರದಿಂದ. 'ಯಾವುದು ಬೇಕು ಹೇಳಿ, ನಿಮ್ಮ ಹೆಸರಲ್ಲಿ ಎತ್ತಿಡುತ್ತೇನೆ' ಅಂತ ಬರೆಯಿರಿ. ಕೇಳಿದವರಿಗೆ ನಿಜವಾಗಿಯೂ ಎತ್ತಿಡಿ. ಓದುಗರ ಸಮಯ ಉಳಿಸಬೇಕು ಎಂದು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಗಳಿಗೆ ಕೊಟ್ಟ ತಮ್ಮ ಐದು ಸೂತ್ರಗಳಲ್ಲಿ ಹೇಳಿದ್ದರು. ವಾಟ್ಸ್‌ಆ್ಯಪ್ ಇಲ್ಲದ ಕಾಲದ ಮಾತು, ಆದರೆ ಅದಕ್ಕೇ ಹೇಳಿದಂತಿದೆ.

ಇನ್ನೊಂದು ದೊಡ್ಡ ಕೆಲಸವಿದೆ, ಅದನ್ನು ಗ್ರಂಥಾಲಯಗಳು ಯಾಕೋ ಕೈಗೆತ್ತಿಕೊಳ್ಳುವುದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು ನೋಡಿ. ಅಂಥ ಹೊತ್ತಿನಲ್ಲಿ ನದಿ ದಂಡೆಯವರಿಗೂ ಬೇಕು ಸುದ್ದಿ, ನಾಟಿ ಮಾಡಿದ ರೈತರಿಗೂ ಬೇಕು. ಫೋನಿಗೆ ಬಂದದ್ದರಲ್ಲಿ ಯಾವುದು ನಿಜ ಅಂತ ಯಾರನ್ನು ಕೇಳಬೇಕು? ಜಿಲ್ಲಾಡಳಿತದ ಪ್ರಕಟಣೆ ಮಾತ್ರ ಹಾಕಿ, ಅದು ಬಂದ ದಿನ, ಸಮಯ ಬರೆಯಿರಿ. ಗೊತ್ತಿಲ್ಲದಿದ್ದರೆ 'ಇನ್ನೂ ಪ್ರಕಟಣೆ ಬಂದಿಲ್ಲ' ಅಂತ ಹೇಳಿ. ನಾಲ್ಕು ಸಲ ಹೀಗೆ ಮಾಡಿದರೆ ಊರು ನಿಮ್ಮ ಮೆಸೇಜನ್ನೇ ಕಾಯುತ್ತದೆ.

ಗುಡ್ ಮಾರ್ನಿಂಗ್ ಕಾಟಕ್ಕೆ ಮದ್ದು ಸುಲಭ. ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಕಳಿಸುವಂತೆ ಮಾಡಿ. ಇನ್ನೂ ಒಳ್ಳೆಯದು ವಾಟ್ಸ್‌ಆ್ಯಪ್ ಚಾನೆಲ್. ನಮ್ಮ ದೇಶದಲ್ಲಿ 2023ರಿಂದ ಇದೆ. ಗ್ರೂಪಿಗೆ 1024 ಜನರ ಮಿತಿ ಉಂಟು, ಚಾನೆಲ್‌ಗೆ ಅಂಥ ಮಿತಿ ಇಲ್ಲ. ಮುಖ್ಯವಾಗಿ, ಚಾನೆಲ್‌ನಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಗ್ರೂಪಿನಲ್ಲಿ ನಂಬರ್ ಕಂಡು ಯಾರೋ ಫೋನ್ ಮಾಡುತ್ತಾರೆ ಅಂತ ಹೆಣ್ಣುಮಕ್ಕಳು ಸೇರಲು ಹಿಂಜರಿಯುತ್ತಾರೆ. ಆ ಹೆದರಿಕೆ ಇಲ್ಲಿಲ್ಲ.

ಚಾನೆಲ್ ಡಂಗುರ ಸಾರಿದ ಹಾಗೆ, ಸುದ್ದಿ ಹೇಳಲು ಸರಿ, ಮಾತುಕತೆಗೆ ಅಲ್ಲ. ಪುಸ್ತಕ ಕೇಳುವವರಿಗೆ ಬೇರೆ ನಂಬರ್ ಕೊಡಿ. ನಿಮ್ಮ ಸ್ವಂತ ನಂಬರ್ ಬೇಡವೇ ಬೇಡ. ಪಿಡಿಒ ಅವರಿಗೆ ಅರ್ಜಿ ಬರೆದು ಪಂಚಾಯಿತಿ ಹೆಸರಲ್ಲಿ ಒಂದು ಸಿಮ್ ಕೇಳಿ. ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಳ್ಳಿ, ದುಡ್ಡೇನೂ ಕೊಡಬೇಕಿಲ್ಲ. ಬಾಗಿಲು ಮುಚ್ಚಿದ ಮೇಲೆ ಬಂದ ಮೆಸೇಜಿಗೆ 'ನಾಳೆ ಉತ್ತರಿಸುತ್ತೇವೆ' ಅಂತ ತಾನೇ ಹೇಳುತ್ತದೆ. ನಾಳೆ ನಿಮ್ಮ ಜಾಗಕ್ಕೆ ಇನ್ನೊಬ್ಬರು ಬಂದರೂ ನಂಬರ್ ಅಲ್ಲೇ ಇರುತ್ತದೆ. ಎರಡು ಹಂತದ ಪಿನ್ ಹಾಕುವುದನ್ನು, ಒಟಿಪಿ ಯಾರಿಗೂ ಹೇಳದಿರುವುದನ್ನು ಬೇರೆ ಹೇಳಬೇಕಿಲ್ಲ.

ಓದು ಬರದವರಿಗೆ? ಅರ್ಧ ನಿಮಿಷದ ವಾಯ್ಸ್ ಮೆಸೇಜ್. ರೇಡಿಯೊದವರ ಹಾಗೆ ಮಾತಾಡಬೇಡಿ. 'ಹೊಸ ಪುಸ್ತಕ ಬಂದಾವ್ರಿ, ಹುಡುಗರನ್ನ ಕರ್ಕೊಂಡ್ ಬರ್ರಿ' ಅಂದರೆ ಸಾಕು. ಗುಳೆ ಹೋದ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಅದನ್ನು ಕೇಳಿ, ಊರಲ್ಲಿರುವ ಅಜ್ಜಿಗೆ ಫೋನ್ ಮಾಡಿ ಹೇಳಬಹುದು.

ಕೊನೆಗೆ, ಲೈಕ್ ಎಣಿಸುವುದು ಬಿಡಿ. ರಿಜಿಸ್ಟರ್‌ನಲ್ಲಿ 'ಹೇಗೆ ಗೊತ್ತಾಯಿತು?' ಅಂತ ಒಂದು ಕಾಲಂ ಸೇರಿಸಿ.

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ ಮಕ್ಕಳು ಓದುವ, ಚಿತ್ರ ಬರೆಯುವ ವಿಡಿಯೊ ಮಾಡಿ ಹಾಕುತ್ತೇವೆ. ಒಬ್ಬ ತಾಯಿ ಬಂದು ಆಕ್ಷೇಪಿಸಿದರು. ನಾವು ಮಾಡಿದ್ದು ತಪ್ಪಾ? — ಕುಷ್ಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಆ ತಾಯಿ ಹೇಳಿದ್ದು ಸರಿ. ಅವರ ಮಗುವಿರುವ ವಿಡಿಯೊ ಇವತ್ತೇ ತೆಗೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು ಎನ್ನುವುದೇ ಅದರ ಧೋರಣೆ. ಸದಸ್ಯತ್ವದ ಅರ್ಜಿಯಲ್ಲೇ ಒಂದು ಸಾಲು ಸೇರಿಸಿ ಸಹಿ ಪಡೆಯಿರಿ. ಸಹಿ ಹಾಕದವರ ಮಗುವಿಗೆ ಪುಸ್ತಕ ಕೊಡದೇ ಇರಬೇಡಿ ಮತ್ತೆ! ನನ್ನ ಪ್ರಕಾರ ಮುಖವೇ ಬೇಕಿಲ್ಲ. ಮಗು ಬರೆದ ಕಿನ್ನಾಳ ಗೊಂಬೆಯ ಚಿತ್ರ ಹಾಕಿ. ಓದುವ ದನಿ ಹಾಕುವುದಿದ್ದರೆ, ಅದಕ್ಕೂ ಒಪ್ಪಿಗೆ ಪಡೆದು, ಪೂರ್ತಿ ಹೆಸರು, ಶಾಲೆ, ಓಣಿ ಹೇಳದೆ ಹಾಕಿ.

ಪ್ರಶ್ನೆ: ಓದುಗರು ಗ್ರೂಪಿನಲ್ಲಿ ಕಾದಂಬರಿಗಳ ಪಿಡಿಎಫ್ ಕೇಳುತ್ತಾರೆ. ಕಳಿಸಬಹುದಾ? — ಬಳ್ಳಾರಿ

ಉತ್ತರ: ಹಾಗೆ ಕಳಿಸುವಂತಿಲ್ಲ. ಲೇಖಕರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ನಿಮ್ಮ ಕಡೆಯವರೇ ಆದ ಬೀಚಿ ತೀರಿಕೊಂಡದ್ದು 1980ರಲ್ಲಿ, ಅಂದರೆ 2040ರ ಕೊನೆಯವರೆಗೆ ಕಾಯಬೇಕು. ವಿಜಯದಾಸರ, ಜಗನ್ನಾಥದಾಸರ ಕೀರ್ತನೆಗಳಿಗೆ ಈ ತೊಡಕಿಲ್ಲ. ಆದರೆ ಹೊಸ ಮುದ್ರಣದಲ್ಲಿ ಸಂಪಾದಕರು ಬರೆದ ಮುನ್ನುಡಿ, ಟಿಪ್ಪಣಿಗಳು ಅವರವೇ. ಪೇಪರಿನ ಪುಟಗಳನ್ನು ಸ್ಕ್ಯಾನ್ ಮಾಡಿ ಹಂಚುವುದೂ ಬೇಡ. ಯಾವ ಸುದ್ದಿ ಯಾವ ಪುಟದಲ್ಲಿದೆ ಅಂತ ಒಂದು ಸಾಲು ಬರೆಯಿರಿ, ಓದುವವರು ಬರುತ್ತಾರೆ. ಮೊಬೈಲಿನಲ್ಲೇ ಓದಬೇಕು ಅನ್ನುವವರಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆ 2020ರಲ್ಲಿ ಶುರು ಮಾಡಿದ ಡಿಜಿಟಲ್ ಗ್ರಂಥಾಲಯ ಇದೆ, ನೋಂದಣಿಗೆ ದುಡ್ಡಿಲ್ಲ. ಸುಮ್ನೆ ಲಿಂಕ್ ಕಳಿಸಿ ಬಿಡಬೇಡಿ. ಗ್ರಂಥಾಲಯಕ್ಕೆ ಕರೆದು, ಅವರ ಫೋನಿನಲ್ಲೇ ನೋಂದಾಯಿಸಿ, ಮೊದಲ ಪುಸ್ತಕ ತೆರೆದುಕೊಡಿ.