ಅಂಡರ್‌ಟೇಕರ್‌ನ ದೊಡ್ಡ ಗೆಲುವುಗಳ ಕ್ಲಿಪ್ ನೋಡಿದರೆ ಸಾಕಲ್ವಾ?

ಅಂಡರ್‌ಟೇಕರ್ ಅಂದರೆ ಅಮೆರಿಕದ WWE ಕುಸ್ತಿ ಕಂಪನಿಯ ದೈತ್ಯ, ಅದರ ವರ್ಷದ ಅತಿ ದೊಡ್ಡ ಶೋ ಆದ ರೆಸಲ್‌ಮೇನಿಯಾದಲ್ಲಿ ಅವನದು 21 ಗೆಲುವು, 1 ಸೋಲು ಅನ್ನೋದು ಗೊತ್ತು, ಎಲ್ಲಾ ಮೊದಲೇ ಮಾತಾಡಿಕೊಂಡು ಆಡೋ ಫೈಟ್ ಅಂತಲೂ ಗೊತ್ತು, ಹಾಗಾದರೆ ದೊಡ್ಡ ಗೆಲುವುಗಳ ಕ್ಲಿಪ್ ಅಷ್ಟೇ ಹುಡುಕಿ ಒಂದು ಸಂಜೆಯಲ್ಲಿ ಮುಗಿಸಬಹುದಲ್ವಾ ಅಂತ ಕೇಳಿದ್ದೀರಿ. ಮುಗಿಸಬಹುದು. ಏನೂ ಸಿಗಲ್ಲ ಅಷ್ಟೇ. ಹತ್ತು ವರ್ಷದ ಹಿಂದೆ ನಾನೂ ಅಕ್ಷರಶಃ ನಿಮ್ಮ ಹಾಗೇ ಮಾತಾಡುತ್ತಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಈ ಲೆಕ್ಕದ ಚಟ ನನಗೆ ಹತ್ತಿದ್ದು ಕುಸ್ತಿಪಟುಗಳ ಅಂಕಿ ಅಂಶ ಇರೋ ಟ್ರಂಪ್ ಕಾರ್ಡಿನಿಂದ. ಟಿವಿಯಲ್ಲಿ ಒಂದು ಫೈಟ್ ಸರಿಯಾಗಿ ನೋಡುವ ಮೊದಲೇ ಎಲ್ಲರ ಎತ್ತರ, ತೂಕ, ಎದೆ ಸುತ್ತಳತೆ ಬಾಯಿಪಾಠ ಆಗಿತ್ತು. ಯಾರ ಅಂಕಿ ದೊಡ್ಡದೋ ಅವನೇ ದೊಡ್ಡವನು. ದೊಡ್ಡವನಾದ ಮೇಲೂ ಅದೇ ಬುದ್ಧಿ. ಅಂಡರ್‌ಟೇಕರ್ ಏಳು ಸಲ ವಿಶ್ವ ಚಾಂಪಿಯನ್, ಒಬ್ಬೊಬ್ಬರಾಗಿ 30 ಜನ ರಿಂಗಿಗೆ ಇಳಿಯೋ ರಾಯಲ್ ರಂಬಲ್‌ನಲ್ಲಿ 2007ರಲ್ಲಿ ಕೊನೆಯ 30ನೇ ನಂಬರಿನಲ್ಲಿ ಬಂದು ಗೆದ್ದ ಮೊದಲಿಗ, ರೆಸಲ್‌ಮೇನಿಯಾದಲ್ಲಿ ಸೋಲೇ ಇಲ್ಲ. ಇಷ್ಟು ಹೇಳಿಬಿಟ್ಟರೆ ವಾದ ಗೆದ್ದೆ ಅಂದುಕೊಳ್ಳುತ್ತಿದ್ದೆ.

ಈಗ 2014ಕ್ಕೆ ಬನ್ನಿ. ಏಪ್ರಿಲ್ 6, ಭಾನುವಾರ, ನ್ಯೂ ಓರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ 30ನೇ ರೆಸಲ್‌ಮೇನಿಯಾ. ಅಲ್ಲಿ ಸಂಜೆ ಆರು ಅಂದರೆ ನಮಗೆ ಸೋಮವಾರ ಬೆಳಗಿನ ಜಾವ ನಾಲ್ಕೂವರೆ. ಚಿಕ್ಕಪ್ಪನ ಮಗ ಹಿಂದಿನ ದಿನವೇ ಫೋನ್ ಮಾಡಿದ್ದ, ಬಾರೋ ಲೈವ್ ನೋಡೋಣ ಅಂತ. ನಾನು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನೋದನ್ನ ಪೂರ್ತಿ ಹೇಳಬೇಕು, ಯಾಕೆಂದರೆ ಸೋಮಾರಿತನಕ್ಕೆ ಹೋಗದೇ ಇದ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ನಾನು ಕೂತು ಲೆಕ್ಕ ಹಾಕಿದ್ದೆ. 21 ಗೆಲುವುಗಳವರೆಗೆ ಕಾಪಾಡಿಕೊಂಡು ಬಂದ ದಾಖಲೆಯನ್ನು ಕಂಪನಿ ಯಾಕೆ ಮುರಿಯುತ್ತೆ? ಮುರಿದರೂ ಎದುರಾಳಿ ಬ್ರಾಕ್ ಲೆಸ್ನರ್. ವರ್ಷಕ್ಕೆ ನಾಲ್ಕಾರು ಸಲ ಬಂದು ಹೋಗೋನು, ಅವನಿಗೆ ಅಂಥ ಗೆಲುವು ಕೊಟ್ಟು ಏನು ಲಾಭ? ಬೆಳೆಯೋ ಹುಡುಗನಿಗೆ ಕೊಡಬಹುದು. ಸೋಲಬೇಕು ಅಂತಿದ್ದರೆ ಕೊನೆಯ ಪಂದ್ಯದಲ್ಲಿ ಸೋಲುತ್ತಾನೆ, ಇದು ಕೊನೆಯದು ಅಂತ ಯಾರೂ ಹೇಳಿಲ್ಲ. ಹಿಂಗೆ ಒಂದೊಂದೇ ಕಾರಣ ಜೋಡಿಸಿ, ಗೆಲುವು ಗ್ಯಾರಂಟಿ, ಗ್ಯಾರಂಟಿ ಇರೋದನ್ನ ನೋಡೋಕೆ ನಿದ್ದೆ ಯಾಕೆ ಕೆಡಿಸಿಕೊಳ್ಳಬೇಕು, ಸಂಜೆ ಬಂದು ಮುಖ್ಯವಾದ ಹತ್ತು ನಿಮಿಷ ನೋಡಿದರಾಯಿತು ಅಂತ ತೀರ್ಮಾನ ಮಾಡಿ ಮಲಗಿದೆ. ನಿಮ್ಮ ಪ್ರಶ್ನೆಯಲ್ಲಿ ಇರೋದೂ ಇದೇ ತರ್ಕ, ನೋಡಿ.

ಬೆಳಗ್ಗೆ ಹಲ್ಲುಜ್ಜುವಾಗ ಫೋನಿನಲ್ಲಿ ಒಂದು ಫೋಟೋ. ಕಪ್ಪು ಹಿನ್ನೆಲೆ, 21-1. ಯಾರೋ ತಮಾಷೆಗೆ ಎಡಿಟ್ ಮಾಡಿದ್ದಾರೆ ಅಂದುಕೊಂಡು ಬ್ರಷ್ ಬಾಯಲ್ಲಿಟ್ಟುಕೊಂಡೇ ನಕ್ಕೆ. ಹಿಂದೆಯೇ ಆ ತಮ್ಮನ ಮೆಸೇಜ್. ಒಂದು ಪದವೂ ಇರಲಿಲ್ಲ, ಬರೀ ಚುಕ್ಕಿಗಳು.

ಆವತ್ತು ರಾತ್ರಿ ಕೂತು ಪೂರ್ತಿ ಪಂದ್ಯ ನೋಡಿದೆ. ನಿಜ ಹೇಳಬೇಕೆಂದರೆ ಪಂದ್ಯ ಚೆನ್ನಾಗಿಲ್ಲ. ನಿಧಾನ, ಸಪ್ಪೆ. ಅದಕ್ಕೂ ಕಾರಣ ಇದೆ. ಆಡುವಾಗಲೇ ಅಂಡರ್‌ಟೇಕರ್‌ಗೆ ತಲೆಗೆ ಪೆಟ್ಟು ಬಿದ್ದಿತ್ತು, ಮುಗಿದ ಮೇಲೆ ಆಸ್ಪತ್ರೆಗೆ ಸೇರಿಸಿದರು, ಆ ದಿನದ ಬಹುಭಾಗ ನೆನಪೇ ಇಲ್ಲ ಅಂತ ಆಮೇಲೆ ಅವನೇ ಹೇಳಿದ್ದಾನೆ. ಲೆಸ್ನರ್ ಮೂರನೇ ಸಲ ಹೆಗಲ ಮೇಲೆ ಎತ್ತಿ ತಿರುಗಿಸಿ ಬಡಿಯೋ ತನ್ನ ಪಟ್ಟು ಎಫ್‌-5 ಹೊಡೆದ, ರೆಫರಿ ಒಂದು, ಎರಡು, ಮೂರು ಎಣಿಸಿದ. 75 ಸಾವಿರ ಜನ ಇದ್ದ ಸ್ಟೇಡಿಯಂ ಸುಮ್ಮನಾಯಿತು. ಗೆದ್ದವನ ಮ್ಯೂಸಿಕ್ ಕೂಡ ತಕ್ಷಣ ಬರಲಿಲ್ಲ. ಕ್ಯಾಮೆರಾ ಜನರ ಕಡೆ ತಿರುಗುತ್ತೆ, ಒಬ್ಬ ಕಣ್ಣೂ ಬಾಯೂ ಬಿಟ್ಟುಕೊಂಡು ನಿಂತಿದ್ದಾನೆ. ಆ ಮುಖ ಮೀಮ್ ಆಗಿ ಜಗತ್ತೆಲ್ಲಾ ಸುತ್ತಿದೆ, ನೀವೂ ನೋಡಿರುತ್ತೀರಿ. ನಾನು ಆ ಮನುಷ್ಯನನ್ನು ನೋಡಿ ಹೊಟ್ಟೆ ಉರಿದುಕೊಂಡೆ. ಅವನಿಗೆ ಸಿಕ್ಕಿದ್ದು ನನಗೆ ಸಿಗಬೇಕಿತ್ತು. ಬರೆದಿಟ್ಟ ಆಟದಲ್ಲೂ ನಿಜವಾಗಿ ಬೆಚ್ಚಿಬೀಳೋ ಗಳಿಗೆ ಇಷ್ಟು ವರ್ಷದಲ್ಲಿ ಒಂದು ಬಂದಿತ್ತು, ಅದನ್ನ ನಾನು ಗಣಿತ ಮಾಡಿ ಕಳೆದುಕೊಂಡೆ. ತಮ್ಮ ಇವತ್ತಿಗೂ ಮದುವೆ ಮನೆಯಲ್ಲಿ ಸಿಕ್ಕರೆ ಇದನ್ನೇ ಎತ್ತುತ್ತಾನೆ.

ಅಂದಹಾಗೆ ನಿಮ್ಮ ಲೆಕ್ಕವೂ ಹಳೇದು. ಅದಾದ ಮೇಲೂ ಆಡಿದ. 2017ರಲ್ಲಿ ಒರ್ಲಾಂಡೋದಲ್ಲಿ ರೋಮನ್ ರೇನ್ಸ್ ಕೈಲಿ ಇನ್ನೊಂದು ಸಲ ಸೋತು, ಗ್ಲೌಸ್, ಕೋಟು, ಟೋಪಿ ರಿಂಗ್ ಮಧ್ಯೆ ಬಿಚ್ಚಿಟ್ಟು ಹೋದ. ರೆಸಲ್‌ಮೇನಿಯಾದ ಕೊನೆಯ ಲೆಕ್ಕ 25-2.

ಆಮೇಲೆ ಹಳೇ ಪಂದ್ಯಗಳನ್ನು ಒಂದೊಂದಾಗಿ, ಪೂರ್ತಿಯಾಗಿ, ಅವನು ಆ ಕತ್ತಲಲ್ಲಿ ನಡೆದು ಬರೋ ನಾಲ್ಕು ನಿಮಿಷವನ್ನೂ ಬಿಡದೆ ನೋಡುತ್ತಾ ಬಂದ ಮೇಲೆ ನನಗೆ ಅನ್ನಿಸಿದ್ದು ಇದು: ಅವನ ಗೆಲುವುಗಳಲ್ಲಿ ಅರ್ಧಕ್ಕರ್ಧ ಮರೆಯೋ ಅಂಥವು. ನೆನಪಿರೋ ಪಂದ್ಯಗಳಲ್ಲೆಲ್ಲಾ ಎದುರಿಗೆ ನಿಂತವನು ಬೆಳೆದಿದ್ದಾನೆ. ಇದನ್ನ ಕ್ಲಿಪ್ ತೋರಿಸಲ್ಲ.

ಉದಾಹರಣೆಗೆ 1991ರ ಸರ್ವೈವರ್ ಸೀರೀಸ್ ಶೋ. ಬಂದು ಒಂದು ವರ್ಷಕ್ಕೇ ಹಲ್ಕ್ ಹೋಗನ್‌ನನ್ನು ಸೋಲಿಸಿ ಚಾಂಪಿಯನ್ ಬೆಲ್ಟ್ ಗೆದ್ದ. ಪಟ್ಟಿಯಲ್ಲಿ ಮೇಲೆ ಇರಲೇಬೇಕಾದ ಗೆಲುವು ಅಲ್ವಾ? ನೋಡಿ, ಇನ್ನೊಬ್ಬ ಕುಸ್ತಿಪಟು ರಿಕ್ ಫ್ಲೇರ್ ಬಂದು ರಿಂಗಿಗೆ ಕುರ್ಚಿ ತಳ್ಳುತ್ತಾನೆ, ಅದರ ಮೇಲೆ ಅಂಡರ್‌ಟೇಕರ್‌ನ ಕೊನೆಯ ಪಟ್ಟು ಟೂಮ್‌ಸ್ಟೋನ್, ಮುಗೀತು. ಆರೇ ದಿನಕ್ಕೆ ಬೆಲ್ಟ್ ವಾಪಸ್ ಹೋಯಿತು. ಒಂದು ಸಲ ನೋಡಿದರೆ ಸಾಕು.

ಈಗ 1998ರ ಕಿಂಗ್ ಆಫ್ ದಿ ರಿಂಗ್ ಶೋ ತಗೊಳ್ಳಿ. ಪಿಟ್ಸ್‌ಬರ್ಗ್, ಹೆಲ್ ಇನ್ ಎ ಸೆಲ್, ಅಂದರೆ ರಿಂಗನ್ನು ಜಾಲರಿಯ ಪಂಜರದಲ್ಲಿ ಮುಚ್ಚಿ ಆಡೋ ಪಂದ್ಯ. ಎದುರಾಳಿ ಮ್ಯಾನ್‌ಕೈಂಡ್, ಅಂದರೆ ಮಿಕ್ ಫೋಲಿ. ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಫೋಲಿಯನ್ನು ಕಾಮೆಂಟರಿ ಟೇಬಲ್ ಮೇಲೆ ಎಸೆಯೋದು ಎಲ್ಲರೂ ನೋಡಿರೋ ಕ್ಲಿಪ್. ಅದು ಪಂದ್ಯದ ಶುರು! ಸ್ಟ್ರೆಚರ್ ಮೇಲೆ ಹೊರಟವನು ಎದ್ದು ಬಂದು ಮತ್ತೆ ಮೇಲೆ ಹತ್ತುತ್ತಾನೆ. ಅಲ್ಲಿ ಅಂಡರ್‌ಟೇಕರ್ ಕತ್ತು ಹಿಡಿದೆತ್ತಿ ಬಡಿಯೋ ಚೋಕ್‌ಸ್ಲ್ಯಾಮ್ ಹೊಡೆದಾಗ ಜಾಲರಿ ಕಿತ್ತುಬಂದು ಫೋಲಿ ನೇರ ಒಳಗೆ ಬೀಳುತ್ತಾನೆ. ಇದು ಪ್ಲಾನ್‌ನಲ್ಲಿ ಇರಲಿಲ್ಲ. ಜೊತೆಗೆ ಬಿದ್ದ ಕುರ್ಚಿ ಮುಖಕ್ಕೆ ಬಡಿದು ಹಲ್ಲು ಮುರಿದು ಒಂದು ಚೂರು ಮೂಗಿಗೆ ಸೇರಿತು. ನಾನು ಹೇಳೋಕೆ ಹೊರಟಿದ್ದು ಇದಾದ ಮೇಲಿನದು. ಫೋಲಿ ಉಸಿರಾಡ್ತಿದ್ದಾನಾ ಅಂತ ನೋಡೋಕೂ ಟೈಮ್ ಬೇಕು. ಅಷ್ಟರಲ್ಲಿ ಒಳಗೆ ಬಂದ ಹಿರಿಯ ಕುಸ್ತಿಪಟು ಟೆರಿ ಫಂಕ್‌ನನ್ನು ಹಿಡಿದು ಅಂಡರ್‌ಟೇಕರ್ ಚೋಕ್‌ಸ್ಲ್ಯಾಮ್ ಕೊಡುತ್ತಾನೆ, ಫಂಕ್ ಹಾರಿದ ಹೊಡೆತಕ್ಕೆ ಕಾಲಿನ ಶೂ ಎರಡೂ ಕಳಚಿ ಬೀಳುತ್ತವೆ. ಜನ ಆ ಶೂ ನೋಡುತ್ತಿರುವಾಗ ಫೋಲಿಗೆ ಸುಧಾರಿಸಿಕೊಳ್ಳಲು ಸಮಯ ಸಿಗುತ್ತೆ. ಇಷ್ಟೆಲ್ಲಾ ಅಂಡರ್‌ಟೇಕರ್ ಮಾಡಿದ್ದು ಪಾದದ ಮೂಳೆ ಮುರಿದುಕೊಂಡು. ಗೆದ್ದಿದ್ದು ಅವನೇ, ಆದರೆ ಆ ರಾತ್ರಿಯಿಂದ ದಂತಕಥೆಯಾಗಿದ್ದು ಫೋಲಿ.

ಬರೆದಿಟ್ಟ ಫೈಟ್ ಅನ್ನೋ ಮಾತಿಗೂ ಇಲ್ಲೇ ಉತ್ತರ ಇದೆ. ರಿಸಲ್ಟ್ ಬರೆದಿರುತ್ತಾರೆ, ಸರಿ. ಆದರೆ ಟೂಮ್‌ಸ್ಟೋನ್ ಅಂದರೆ ಎದುರಾಳಿಯನ್ನು ತಲೆಕೆಳಗಾಗಿ ಎದೆಗೆ ಅಪ್ಪಿ ಹಿಡಿದು ಮಂಡಿಯೂರಿ ಕೂರೋದು. ಎರಡಂಗುಲ ತಪ್ಪಿದರೆ ಅವನ ಕತ್ತು ಹೋಯಿತು. 1997ರಲ್ಲಿ ಇಂಥದ್ದೇ ಪೈಲ್‌ಡ್ರೈವರ್ ಎಡವಟ್ಟಾಗಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಕತ್ತಿಗೆ ಪೆಟ್ಟಾದ ಮೇಲೆ ಕಂಪನಿ ಕ್ರಮೇಣ ಆ ಪಟ್ಟನ್ನೇ ನಿಲ್ಲಿಸಿತು. ಅಂಡರ್‌ಟೇಕರ್ ಮತ್ತು ಕಥೆಯಲ್ಲಿ ಅವನ ತಮ್ಮನಾದ ಕೇನ್‌ಗೆ ಮಾತ್ರ ಬಿಟ್ಟರು. ಆರಡಿ ಹತ್ತಂಗುಲದ ಆ ದೈತ್ಯನ ಕೈಲಿ ಕತ್ತು ಕೊಡೋಕೆ ಒಬ್ಬರೂ ಹಿಂಜರಿಯಲಿಲ್ಲ ಅಂದರೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಏನಿದೆ?

ಇನ್ನು ಹೂಸ್ಟನ್. 2009, ರೆಸಲ್‌ಮೇನಿಯಾ 25, ಅಂಡರ್‌ಟೇಕರ್ ಹುಟ್ಟಿದ ಊರು. ಎದುರಿಗೆ ಶಾನ್ ಮೈಕಲ್ಸ್. ಶಾನ್ ಬಿಳಿ ಬಟ್ಟೆಯಲ್ಲಿ ಮೇಲಿಂದ ಇಳಿದು ಬರುತ್ತಾನೆ, ಇವನು ಕಪ್ಪು ಬಟ್ಟೆಯಲ್ಲಿ ನೆಲದಿಂದ ಎದ್ದು ಬರುತ್ತಾನೆ. ಅರ್ಧ ಗಂಟೆಯ ಪಂದ್ಯ. ಮಧ್ಯದಲ್ಲಿ ಇವನು ಹಗ್ಗದ ಮೇಲಿಂದ ಹೊರಗೆ ಹಾರುತ್ತಾನೆ, ಹಿಡಿಯೋಕೆ ಯಾರೂ ಸರಿಯಾಗಿ ಸಿಗದೆ ಹೆಚ್ಚುಕಮ್ಮಿ ತಲೆಯ ಮೇಲೇ ಬೀಳುತ್ತಾನೆ. ಎದ್ದು ಮುಂದುವರಿಸುತ್ತಾನೆ. ಆಮೇಲೆ ಟೂಮ್‌ಸ್ಟೋನ್, ಪಿನ್, ಎರಡು ಎಣಿಸಿದಾಗ ಶಾನ್ ಭುಜ ಎತ್ತುತ್ತಾನೆ. ಆಗ ಅಂಡರ್‌ಟೇಕರ್‌ನ ಮುಖ ನೋಡಿ. ಹತ್ತೊಂಬತ್ತು ವರ್ಷ ಮುಖದಲ್ಲಿ ಏನೂ ತೋರಿಸದೆ ಇದ್ದ ಮನುಷ್ಯ ಕಣ್ಣರಳಿಸಿ ಗಾಬರಿಯಾಗುತ್ತಾನೆ. ಹಿಂದಿನದೆಲ್ಲಾ ಗೊತ್ತಿದ್ದರೆ ಆ ಒಂದು ಮುಖಕ್ಕೆ ಮೈ ಜುಮ್ಮೆನ್ನುತ್ತೆ. ಕ್ಲಿಪ್‌ನಲ್ಲಿ ನೋಡಿದರೆ ಯಾರೋ ದಡೂತಿ ಕಣ್ಣು ಬಿಡುತ್ತಿದ್ದಾನೆ, ಅಷ್ಟೇ. ಮರುವರ್ಷದ ಪಂದ್ಯದಲ್ಲಿ ಸೋತರೆ ಶಾನ್ ಕುಸ್ತಿಯನ್ನೇ ಬಿಡಬೇಕು ಅನ್ನೋ ಷರತ್ತು. ನನಗೆ ಅದೇ ಜಾಸ್ತಿ ಇಷ್ಟ, ಆದರೆ ಇದನ್ನ ನೋಡದೆ ಅದನ್ನ ನೋಡಬೇಡಿ.

ನಡುವೆ ಒಂದು ಅನುಮಾನ ಪರಿಹಾರ ಮಾಡಿಬಿಡುತ್ತೇನೆ, ಈ ವಿಷಯ ಬಂದಾಗಲೆಲ್ಲಾ ಯಾರಾದರೂ ಕೇಳೇ ಕೇಳುತ್ತಾರೆ. 1996ರ ಹಿಂದಿ ಸಿನಿಮಾದಲ್ಲಿ ಅಕ್ಷಯ್ ಕುಮಾರ್ ಎತ್ತಿ ಹಾಕಿದ್ದು ಅಸಲಿ ಅಂಡರ್‌ಟೇಕರ್‌ನನ್ನಲ್ಲ. ಅದು ಬ್ರಯಾನ್ ಲೀ. 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ನಕಲಿ ಅಂಡರ್‌ಟೇಕರ್ ಆಗಿ ಬಂದು ಅಸಲಿ ಕೈಲಿ ಒದೆ ತಿಂದವನೂ ಅವನೇ.

ಹಾಗಾಗಿ ಟಾಪ್ ಗೆಲುವುಗಳ ಪಟ್ಟಿ ನನ್ನಿಂದ ಕೇಳಬೇಡಿ, ಕೊಡಲ್ಲ. ಒಂದೇ ಸಂಜೆ ಇದ್ದರೆ ಹೂಸ್ಟನ್ ಪಂದ್ಯ ಒಂದನ್ನೇ ನೋಡಿ, ಪ್ರವೇಶದಿಂದ ಹಿಡಿದು. ರುಚಿ ಹತ್ತಿದರೆ 1997ರ ಬ್ಯಾಡ್ ಬ್ಲಡ್ ನೋಡಿ. ಅದು ಮೊದಲ ಹೆಲ್ ಇನ್ ಎ ಸೆಲ್, ಕೇನ್ ಪಂಜರದ ಬಾಗಿಲು ಕಿತ್ತು ಒಳಗೆ ಬರೋದು ಅದರಲ್ಲೇ. 2019ರ ಜೆಡ್ಡಾದ ಗೋಲ್ಡ್‌ಬರ್ಗ್ ಪಂದ್ಯ ಮಾತ್ರ ಬೇಡ. ಐವತ್ತು ದಾಟಿದ ಇಬ್ಬರು ಒಬ್ಬರನ್ನೊಬ್ಬರು ಎತ್ತೋಕೆ ಆಗದೆ ಒದ್ದಾಡೋದನ್ನ ನೋಡಿ ನನಗಂತೂ ಸಂಕಟ ಆಯಿತು.

ಕೊನೇದಾಗಿ 2002ರ ಜುಲೈ 1ರ ರಾ, ಜೆಫ್ ಹಾರ್ಡಿ ಜೊತೆಗಿನ ಏಣಿ ಪಂದ್ಯ, ಅಂದರೆ ಮೇಲೆ ತೂಗುಹಾಕಿದ ಬೆಲ್ಟನ್ನು ಏಣಿ ಹತ್ತಿ ತೆಗೆದುಕೊಳ್ಳೋದು. ಟಿವಿಯ ಮಾಮೂಲಿ ಸೋಮವಾರದ ಶೋ, ಯಾವ ಪಟ್ಟಿಯಲ್ಲೂ ಮೇಲೆ ಬರಲ್ಲ. ಆಗ ಅಂಡರ್‌ಟೇಕರ್ ಬೈಕ್ ಮೇಲೆ ಬರೋ ಕೆಟ್ಟವನ ಪಾತ್ರದಲ್ಲಿದ್ದ, ಜೆಫ್ ಅವನ ಅರ್ಧ ತೂಕದ ಹುಡುಗನ ಹಾಗೆ ಕಾಣುತ್ತಿದ್ದ. ಏನಾಗುತ್ತೆ ಅಂತ ಹೇಳಲ್ಲ, ನೀವೂ ಮೊದಲೇ ಹುಡುಕಿಕೊಂಡು ಓದಬೇಡಿ. ಪಂದ್ಯ ಮುಗಿದ ಬೆಲ್ ಹೊಡೆದ ಮೇಲೂ ಒಂದೆರಡು ನಿಮಿಷ ನಿಲ್ಲಿಸದೆ ನೋಡಿ.